ಕೊಪ್ಪಳದಿಂದ ಕಡಲಿಗೆ, ಅದೇ ದಿನ ಮನೆಗೆ: ಲೆಕ್ಕ ಅರಬೈಲು ಘಟ್ಟದಿಂದ ಶುರುವಾಗಲಿ

ನಸುಕಿಗೆ ಕೊಪ್ಪಳ ಬಿಟ್ಟು, ಅಂಕೋಲಾದ ಕಡಲಿನಲ್ಲಿ ಕಾಲು ತೋಯಿಸಿಕೊಂಡು, ರಾತ್ರಿ ಮನೆಯ ಹಾಸಿಗೆಗೇ ಬಂದು ಬೀಳುವುದು ಆಗುವ ಮಾತೇ. ಕೊಪ್ಪಳದಿಂದ ಗದಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ ಇನ್ನೊಂದು 60, ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ 70, ಯಲ್ಲಾಪುರದಿಂದ ಅಂಕೋಲಾಕ್ಕೆ 75. ಹೋಗಿ ಬರುವುದಕ್ಕೆ 530 ಕಿ.ಮೀ. ಹಿಡಿಯಿರಿ. ಹೊಸಪೇಟೆಯವರೂ ಒಂದು ತಾಸು ಮೊದಲೇ ಎದ್ದರೆ ಹೇಗೋ ಹೊಂದಿಸಬಹುದು. ಬಳ್ಳಾರಿಯವರಿಗೆ ಹೋಗಿ ಬರುವ ದೂರವೇ 700 ಕಿ.ಮೀ. ಆಸುಪಾಸು, ರಾಯಚೂರಿನವರಿಗೆ ಅದಕ್ಕಿಂತ ಹೆಚ್ಚು. ಅವರು ಒಂದು ರಾತ್ರಿ ಅಲ್ಲೇ ಉಳಿಯುವುದು ಲೇಸು.

ದಾರಿಯೇನೂ ಹೊಸದಲ್ಲ. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಯವರೆಗೆ ಮೊದಲು ಇದ್ದದ್ದು ಒಂದೇ ಹೆದ್ದಾರಿ, ಹಳೆಯ 63. ಹೊಸ ಸಂಖ್ಯೆಗಳು ಬಂದ ಮೇಲೆ ಹುಬ್ಬಳ್ಳಿಯ ಈಚೆಗಿನದು 67 ಆಯಿತು, ಆಚೆಗಿನದು 52 ಆಯಿತು. ಬಳ್ಳಾರಿ, ಸಂಡೂರು ಸೀಮೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದದ್ದು ಇದೇ ರಸ್ತೆಯಲ್ಲಿ. ನಮ್ಮ ಕೆಂಪು ಮಣ್ಣು ನಮಗಿಂತ ಮೊದಲೇ ಸಮುದ್ರ ನೋಡಿ ಬಂದಿದೆ.

ವೇಳೆಯ ಲೆಕ್ಕ

ಹುಬ್ಬಳ್ಳಿಯವರೆಗೆ ನಾಲ್ಕು ಪಥದ ರಸ್ತೆ, 120 ಕಿ.ಮೀ.ಗೆ ಎರಡು ತಾಸು ಸಾಕು. ಅಲ್ಲಿಂದ ಮುಂದಿನ 145 ಕಿ.ಮೀ. ಬಹುಪಾಲು ಎರಡೇ ಪಥ. ನಡುವೆ ಕಾಡು, ಯಲ್ಲಾಪುರ ಬಿಟ್ಟ ಮೇಲೆ ಅರಬೈಲು ಘಟ್ಟ, ಮುಂದೆ ತುಂಬಿದ ಲಾರಿಗಳು. ಇದಕ್ಕೆ ಮೂರು ತಾಸಿಗಿಂತ ಕಡಿಮೆ ಹಾಕಬೇಡಿ. ಪ್ರವಾಸ ಕೆಡುವುದು ಇಲ್ಲಿಯೇ. ಮೊಬೈಲಿನ ನಕ್ಷೆ ತೋರಿಸುವ ಸಮಯವನ್ನು ನಂಬಿ ಸಂಜೆ ಐದರವರೆಗೆ ದಂಡೆಯಲ್ಲಿ ಕೂರುತ್ತಾರೆ, ಕತ್ತಲಲ್ಲಿ ಘಟ್ಟ ಹತ್ತುತ್ತಾರೆ, ಒಂದು ಲಾರಿಯ ಹಿಂದೆ ಇನ್ನೊಂದಕ್ಕೆ ಸಿಕ್ಕಿ ಸಹನೆ ಕಳೆದುಕೊಂಡು ತಿರುವಿನಲ್ಲಿ ಹಿಂದಿಕ್ಕಲು ಹೋಗುತ್ತಾರೆ.

ಆದ್ದರಿಂದ ಮೊದಲು ಬರೆದುಕೊಳ್ಳಬೇಕಾದ ವೇಳೆ ಒಂದೇ: ಸಂಜೆ 5.30ಕ್ಕೆ ಯಲ್ಲಾಪುರದಲ್ಲಿ ಚಹಾ. ಚಳಿಗಾಲದಲ್ಲಿ ಆರು ದಾಟಿದ ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಾಡಿನಲ್ಲಿ ಅದಕ್ಕೂ ಮೊದಲೇ ಮಬ್ಬು ಕವಿಯುತ್ತದೆ. ಉಳಿದದ್ದನ್ನೆಲ್ಲ ಇದರಿಂದ ಹಿಂದಕ್ಕೆ ಎಣಿಸಿ. 5.30ಕ್ಕೆ ಯಲ್ಲಾಪುರ ಎಂದರೆ 3.30ಕ್ಕೆ ಅಂಕೋಲಾ ಬಿಡಬೇಕು. ದಂಡೆಯಲ್ಲಿ ಐದು ತಾಸು ಬೇಕೆಂದರೆ 10.30ಕ್ಕೆ ಅಲ್ಲಿರಬೇಕು. ಹುಬ್ಬಳ್ಳಿಯಲ್ಲಿ ನಾಷ್ಟಾಕ್ಕೆ ಅರ್ಧ ತಾಸು, ಯಲ್ಲಾಪುರದಲ್ಲಿ ಕಾಲು ತಾಸು, ದಾರಿಯ ತಡಕ್ಕೆ ಇನ್ನೊಂದು ಕಾಲು ತಾಸು ಸೇರಿಸಿದರೆ ಕೊಪ್ಪಳ ಬಿಡುವ ಹೊತ್ತು ಬೆಳಿಗ್ಗೆ 4.30. ಮರಳಿ ಹುಬ್ಬಳ್ಳಿಗೆ ಏಳೂಕಾಲು, ಊಟ ಮಾಡಿಕೊಂಡು ಹತ್ತರ ಆಸುಪಾಸಿಗೆ ಮನೆ.

ಈ ಲೆಕ್ಕದಲ್ಲಿ ಕಡಲ ಮೇಲಿನ ಸೂರ್ಯಾಸ್ತಕ್ಕೆ ಜಾಗವಿಲ್ಲ. ಅದೇ ಬೇಕು ಎನ್ನುವವರು ರೂಮು ಹಿಡಿಯಲಿ. ಗೋಕರ್ಣಕ್ಕೂ ಜಾಗ ಕಡಿಮೆ: ಅಂಕೋಲಾದಿಂದ ಮುಂದೆ ಮಾದನಗೇರಿ ಕ್ರಾಸಿನಲ್ಲಿ ತಿರುಗಿ ಸುಮಾರು 30 ಕಿ.ಮೀ. ಹೋಗಬೇಕು, ಓಣಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು. ಹೋಗಿ ಬರುವುದರಲ್ಲಿ ಎರಡು ತಾಸು ಖಾಲಿ. ಶಿವರಾತ್ರಿಯ ದಿನಗಳಲ್ಲಂತೂ ಆ ಮಾತೇ ಬೇಡ. ಕಾರವಾರದ ಟ್ಯಾಗೋರ್ ಕಡಲತೀರವೂ 35 ಕಿ.ಮೀ. ಆಚೆ. ಒಂದೇ ದಿನಕ್ಕೆ ಹೋಗುವವರಿಗೆ ಅಂಕೋಲಾ ಪಟ್ಟಣಕ್ಕೆ ಹತ್ತಿರದ ನದಿಭಾಗ ಅಥವಾ ಬೇಲೆಕೇರಿಯ ದಂಡೆಯೇ ಸರಿ. 1930ರ ಉಪ್ಪಿನ ಸತ್ಯಾಗ್ರಹದ ಊರು ಅದು. ನೋಡಲು ಏನೂ ಇಲ್ಲದ ಊರೇನಲ್ಲ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನದ ಪ್ರವಾಸ ಬೇಡವೇ ಬೇಡ. 2021ರ ಜುಲೈ ಮಳೆಗೆ ಅರಬೈಲು ಘಟ್ಟದಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿದ್ದಿತು, ಲಾರಿಯೊಂದು ಗಂಗಾವಳಿ ನದಿಯ ಪಾಲಾಯಿತು. ರಸ್ತೆ ಮುಚ್ಚಿದರೆ ಬಳಸುದಾರಿ ಎಂದರೆ ಇನ್ನೊಂದು ಘಟ್ಟ. ಅದೂ ತೆರೆದಿರುತ್ತದೆ ಎಂಬ ಖಾತರಿ ಇಲ್ಲ. ಮೇ ತಿಂಗಳಲ್ಲಿ ಸೆಕೆ ಜೀವ ಹಿಂಡುತ್ತದೆ. ಆದರೆ ಅಂಕೋಲಾದ ಕರಿ ಇಶಾಡು ಮಾವು ಸಿಗುವುದೂ ಆಗಲೇ, ನಿರ್ಧಾರ ನಿಮ್ಮದು.

ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಸಾಮಾನ್ಯವಾಗಿ ಉಬ್ಬರ ಬರುವುದು ನಡುಹಗಲಿನ ಹತ್ತಿರಕ್ಕೆ. ಅಂದರೆ ನೀವು ಮುಟ್ಟುವ ಹೊತ್ತಿಗೇ ನೀರು ಏರಿ, ಮಕ್ಕಳು ಆಡುವ ಮರಳು ಕಿರಿದಾಗಿರುತ್ತದೆ. ಅಷ್ಟಮಿಯ ಆಸುಪಾಸು ಇದು ತಿರುಗುಮುರುಗು: ನಡುಹಗಲಿಗೆ ಇಳಿತ, ಅಗಲ ದಂಡೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೊರಡುವ ಹಿಂದಿನ ದಿನ ಕಾರವಾರದ ಉಬ್ಬರ ಪಟ್ಟಿ ಮೊಬೈಲಿನಲ್ಲಿ ನೋಡಿಕೊಂಡರೆ ಖಾತ್ರಿ.

ಹಿಂದಿನ ದಿನ ಗಾಡಿಗೆ

ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿದ್ದಾಗ ನೋಡಬೇಕು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಒಳಂಚಿನ ಚೀಟಿಯಲ್ಲಿದೆ. ತುಂಬಿದ ಗಾಡಿಗೆ ಅಲ್ಲಿ ಬೇರೆ ಅಂಕಿ ಇರುತ್ತದೆ, ಐದು ಜನ ಕೂರುವುದಾದರೆ ಅದನ್ನೇ ಹಿಡಿಯಿರಿ. ಬಿಸಿಲಿಗೆ ಟೈರು ಒಡೆಯುತ್ತದೆಂದು ಗಾಳಿ ಕಡಿಮೆ ಹಾಕಿಸುವ ರೂಢಿ ನಮ್ಮ ಕಡೆ ಇದೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಒಡೆಯುವುದು ಆ ಕಾವಿಗೇ. ಪಕ್ಕೆಯ ಮೇಲಿನ ನಾಲ್ಕು ಅಂಕಿಯಲ್ಲಿ ಟೈರಿನ ವಯಸ್ಸಿದೆ: 2319 ಎಂದಿದ್ದರೆ 2019ರ 23ನೇ ವಾರದ್ದು. ಕೊಪ್ಪಳದ ಬಿಸಿಲಲ್ಲಿ ಆರು ವರ್ಷ ದಾಟಿದ ಟೈರಿನ ಮೇಲೆ ಘಟ್ಟಕ್ಕೆ ಹೋಗಬೇಡಿ, ಹಲ್ಲು ಎಷ್ಟೇ ಉಳಿದಿರಲಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಎಲ್ಲರೂ ಮರೆಯುವುದು ಅದನ್ನೇ.

ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಈಗಲೇ ಬದಲಿಸಿ. ಅದು ಗಾಳಿಯ ತೇವವನ್ನು ಹೀರುತ್ತದೆ; ತೇವ ಸೇರಿದ ಎಣ್ಣೆ ಬೇಗ ಕುದಿಯುತ್ತದೆ. ಬಯಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಘಟ್ಟದ ಇಳಿಜಾರಿನಲ್ಲಿ ಪೆಡಲು ಮೆತ್ತಗಾಗಿ ಕೆಳಗಿಳಿದಾಗ ಗೊತ್ತಾಗುತ್ತದೆ. ಬ್ರೇಕ್ ಪ್ಯಾಡ್ 3 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಅದನ್ನೂ ಹಾಕಿಸಿ. ವೈಪರ್ ರಬ್ಬರು ನಮ್ಮ ಬಿಸಿಲಿಗೆ ಸೀಳಿರುತ್ತದೆ, ಕಾಡಿನ ಮಂಜು ಸಿಕ್ಕಾಗಲೇ ಅದರ ನೆನಪಾಗುವುದು. ಕೂಲಂಟ್ ಮಟ್ಟವನ್ನು ಎಂಜಿನ್ ತಣ್ಣಗಿದ್ದಾಗ ನೋಡಿ.

ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ ಓಡಾಟವೆಲ್ಲ ಸೇರಿ 35 ಲೀಟರ್ ಪೆಟ್ರೋಲು ಬೇಕು. ಎ.ಸಿ., ಐದು ಜನ, ಘಟ್ಟ ಎಲ್ಲ ಕೂಡಿದರೆ ಮೈಲೇಜ್ 14ಕ್ಕೆ ಇಳಿದು 40 ಮುಟ್ಟಬಹುದು. ಹಿಂದಿನ ಸಂಜೆ ಟ್ಯಾಂಕ್ ತುಂಬಿಸಿ, ಮರಳುವಾಗ ಅಂಕೋಲಾದಲ್ಲೇ ಮತ್ತೆ ಹಾಕಿಸಿ. ಸಿ.ಎನ್.ಜಿ. ಗಾಡಿಯವರು ಹುಬ್ಬಳ್ಳಿಯಲ್ಲಿ ತುಂಬಿಸಿಕೊಳ್ಳಿ, ಪೆಟ್ರೋಲನ್ನೂ ಇಟ್ಟುಕೊಳ್ಳಿ.

ಫಾಸ್ಟ್ಯಾಗಿನಲ್ಲಿ ಹಣ ಇರಲಿ. ಅದು ನಡೆಯದಿದ್ದರೆ ಯು.ಪಿ.ಐ.ಗೆ ಒಂದೂಕಾಲು ಪಟ್ಟು ಸುಂಕ. 24 ತಾಸಿನೊಳಗೆ ಮರಳಿದರೆ ಎರಡೂ ದಿಕ್ಕಿಗೆ ಸೇರಿ ಒಂದೂವರೆ ಪಟ್ಟಷ್ಟೇ ಕಡಿತವಾಗಬೇಕು. ಮನೆಗೆ ಬಂದ ಮೇಲೆ ಮೆಸೇಜು ತೆಗೆದು ನೋಡಿಕೊಳ್ಳಿ.

ಬೆಳಗಿನ ದಾರಿ

ಕೊಪ್ಪಳ, ಗದಗದ ನಡುವೆ ಕತ್ತಲಲ್ಲಿ ಭಯ ಲಾರಿಯದ್ದಲ್ಲ. ಸುಗ್ಗಿಯ ಕಾಲದಲ್ಲಿ ರಸ್ತೆಯ ಒಂದು ಪಥದಲ್ಲಿ ಮೆಕ್ಕೆಜೋಳ ಹರವಿ ಸುತ್ತ ಕಲ್ಲಿಟ್ಟಿರುತ್ತಾರೆ. ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇರುತ್ತದೆ, ತಪ್ಪು ದಿಕ್ಕಿನಿಂದ ಬರುವ ಬೈಕ್ ಇರುತ್ತದೆ. ಬೆಳಕು ಹರಿಯುವ ತನಕ ವೇಗ 70ರ ಒಳಗಿರಲಿ. ಹುಬ್ಬಳ್ಳಿಯನ್ನು ಏಳರೊಳಗೆ ಊರೊಳಗಿಂದಲೇ ದಾಟಬಹುದು. ಮರಳುವ ಸಂಜೆ ಮಾತ್ರ ಚೆನ್ನಮ್ಮ ವೃತ್ತದ ಕಡೆ ಹೋಗಿ ಸಿಕ್ಕಿಕೊಳ್ಳಬೇಡಿ, ಹೊರಗಿನ ರಸ್ತೆ ಹಿಡಿಯಿರಿ.

ಈ ದಾರಿಯಲ್ಲಿ ಒಂದು ಪುಣ್ಯವಿದೆ. ಬೆಳಿಗ್ಗೆ ಪಡುವಣಕ್ಕೆ ಹೋಗುತ್ತೀರಿ, ಸಂಜೆ ಮೂಡಣಕ್ಕೆ ಬರುತ್ತೀರಿ. ಎರಡೂ ಹೊತ್ತು ಸೂರ್ಯ ಬೆನ್ನಿಗೆ. ಆದರೆ ಎದುರಿನಿಂದ ಬರುವವನ ಕಣ್ಣಿಗೆ ಅದೇ ಬಿಸಿಲು ಚುಚ್ಚುತ್ತಿರುತ್ತದೆ, ನೀವು ಅವನಿಗೆ ಕಾಣುವುದಿಲ್ಲ. ಹಗಲಾದರೂ ಹೆಡ್‌ಲೈಟ್ ಲೋ ಬೀಮಿನಲ್ಲಿ ಉರಿಯಲಿ.

ಹುಬ್ಬಳ್ಳಿಯಲ್ಲಿ ಇಡ್ಲಿ ತಿನ್ನಿ, ಪೂರಿ ಬೇಡ. ಎಣ್ಣೆ ತಿಂದ ಮಕ್ಕಳು ಯಲ್ಲಾಪುರದ ತಿರುವುಗಳಲ್ಲಿ ವಾಂತಿ ಮಾಡುತ್ತಾರೆ. ವಾಂತಿಯಾಗುವವರಿಗೆ ಮುಂದಿನ ಸೀಟು ಕೊಡಿ, ಮೊಬೈಲ್ ಕೊಡಬೇಡಿ. ಕಾಡಿನಲ್ಲಿ ನೆಟ್‌ವರ್ಕ್ ಅಲ್ಲಲ್ಲಿ ಹೋಗುತ್ತದೆ, ನಕ್ಷೆಯನ್ನು ಇಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಘಟ್ಟ ಇಳಿಯುವುದು

ನಿಯಮ ಹಳೆಯದು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಅರಬೈಲಿಗೆ ಹೆಚ್ಚಿನ ಕಾರುಗಳಿಗೆ ಎರಡು, ಕೆಲವು ಕಡೆ ಮೂರು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಬೇಕು. ಆಟೊಮ್ಯಾಟಿಕ್ ಗಾಡಿಯವರು ‘ಡಿ’ಯಲ್ಲಿ ಬಿಡದೆ ಮ್ಯಾನುವಲ್‌ಗೆ ಅಥವಾ ‘ಎಲ್’ಗೆ ಹಾಕಿ. ಬ್ರೇಕಿನ ಮೇಲೆ ಕಾಲು ಸದಾ ಒತ್ತಿಟ್ಟುಕೊಳ್ಳಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಹೀಗೆ ಮಾಡಿದರೆ ಎರಡು ಒತ್ತುವಿಕೆಗಳ ನಡುವೆ ಡಿಸ್ಕಿಗೆ ಆರಲು ಬಿಡುವು ಸಿಗುತ್ತದೆ.

ಪೆಟ್ರೋಲು ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಉಳಿಯುವುದು ಏನೂ ಇಲ್ಲ: ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಸುಡುತ್ತವೆ. ಕೀಲಿ ತಿರುಗಿಸಿ ಎಂಜಿನ್ ಆರಿಸಿದರೆ ಇನ್ನೂ ಕೆಟ್ಟದ್ದು. ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲು ಕಲ್ಲಾಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ.

ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಟೈರಿಗೆ ಕಲ್ಲು ಕೊಟ್ಟು ಅರ್ಧ ತಾಸು ಬಿಡಿ. ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಮಂಜಿದ್ದರೆ ಹೈ ಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಘಟ್ಟ ಇಳಿದ ಮೇಲೆ ಎ.ಸಿ.ಯಿಂದ ತಣ್ಣಗಾದ ಗಾಜಿನ ಹೊರಮೈಗೆ ಕರಾವಳಿಯ ಹಸಿಗಾಳಿ ತಾಗಿ ಹಬೆ ಹಿಡಿಯಬಹುದು. ಒಳಗಿನಿಂದ ಎಷ್ಟು ಒರೆಸಿದರೂ ಅದು ಹೋಗದು: ವೈಪರ್ ಒಮ್ಮೆ ಆಡಿಸಿ, ಎ.ಸಿ.ಯ ತಂಪು ಕಡಿಮೆ ಮಾಡಿ. ಕೆಳಗೆ ಬಾಳೆಗುಳಿಯಲ್ಲಿ ಹೆದ್ದಾರಿ 66 ಸಿಗುತ್ತದೆ.

ದಂಡೆಯಲ್ಲಿ

ಕಾರನ್ನು ಮರಳಿಗೆ ಇಳಿಸಬೇಡಿ, ಹುಗಿದರೆ ದಿನವೇ ಹೋಯಿತು. ನೀರಿಗೆ ಇಳಿಯುವ ಮೊದಲು ಐದು ನಿಮಿಷ ಅಲೆ ನೋಡಿ. ಎರಡೂ ಕಡೆ ನೊರೆಯೊಡೆದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಗೆ ಕಂಡರೆ ಅದೇ ಕಡಲಿನ ಒಳಕ್ಕೆ ಎಳೆಯುವ ಜಾಗ. ಕೆರೆ, ಕಾಲುವೆಯಲ್ಲಿ ಈಜು ಕಲಿತವರು ಶಾಂತ ನೀರನ್ನೇ ಹುಡುಕಿ ಹೋಗುತ್ತಾರೆ. ಇಲ್ಲಿ ಅದು ತಿರುಗುಮುರುಗು. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ನೇರ ಈಜದೆ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ಬನ್ನಿ. ನದಿ ಕಡಲು ಸೇರುವ ಮೂಲೆಗೆ ಹೋಗಲೇಬೇಡಿ. ಮಕ್ಕಳಿಗೆ ಮೊಣಕಾಲು ಮಟ್ಟ, ಅದೂ ಕೈ ಹಿಡಿದು.

ಬುತ್ತಿ ಒಯ್ಯುವವರಿಗೆ ಒಂದು ಮಾತು: ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿದರೆ ಅಂಕೋಲಾದ ಹವೆಗೆ ಮಧ್ಯಾಹ್ನದೊಳಗೆ ಮೆತ್ತಗಾಗಿ ತೊಗಲಿನಂತಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಶೇಂಗಾ ಹಿಂಡಿ ತಡೆಯುತ್ತದೆ, ಮೊಸರು ತಡೆಯುವುದಿಲ್ಲ. ಅಲ್ಲಿಯ ಮೀನೂಟ ಬೇಕೆನ್ನುವವರು ಹನ್ನೆರಡೂವರೆಗೇ ಮುಗಿಸಲಿ. ಅನ್ನ, ಮೀನು ಉಂಡು ಮೂರೂವರೆಗೆ ಸ್ಟೀರಿಂಗ್ ಹಿಡಿದರೆ ನಿದ್ದೆ ಬರುವುದು ಸಹಜ. ಓಡಿಸುವವರು ಊಟವಾದ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಬೇಕು, ಉಳಿದವರು ಅವರನ್ನು ಎಬ್ಬಿಸಬಾರದು. ಹತ್ತು ತಾಸಿನ ಓಡಿಸುವಿಕೆ ಇದು; ಲೈಸೆನ್ಸ್ ಇರುವ ಎರಡನೆಯವರಿಲ್ಲದೆ ಹೊರಡಬೇಡಿ, ಯಲ್ಲಾಪುರದಲ್ಲಿ ಕೈ ಬದಲಿಸಿ.

ಮರಳುವಾಗ

ಮೂರೂವರೆಗೆ ಹೊರಡುವುದೆಂದರೆ ಮೂರಕ್ಕೆ ನೀರಿನಿಂದ ಎಬ್ಬಿಸಬೇಕು. ಸ್ನಾನ, ಬಟ್ಟೆಗೆ ಅರ್ಧ ತಾಸು ಹೋಗುತ್ತದೆ. ಒದ್ದೆ ಬಟ್ಟೆಗೆ ಒಂದು ರಸಗೊಬ್ಬರದ ಖಾಲಿ ಚೀಲ ತೊಳೆದು ಇಟ್ಟುಕೊಂಡರೆ ಡಿಕ್ಕಿ ಉಳಿಯುತ್ತದೆ. ಘಟ್ಟ ಹತ್ತುವಾಗ ಉಷ್ಣಾಂಶದ ಮುಳ್ಳು ಏರಿದರೆ ಎ.ಸಿ. ಆರಿಸಿ, ಇನ್ನೂ ಏರಿದರೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿಯಲ್ಲಿ ತೆಗೆಯಬೇಡಿ. ಗಾಡಿ ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033, ಅಪಘಾತವಾದರೆ 112 ಅಥವಾ 108.

ಎಲ್ಲೋ ತಡವಾಗಿ ಆರು ಗಂಟೆಗೂ ನೀವು ಇನ್ನೂ ಅಂಕೋಲಾದಲ್ಲೇ ಇದ್ದರೆ, ಘಟ್ಟಕ್ಕೆ ಕೈ ಹಾಕದೆ ಅಲ್ಲೇ ಒಂದು ರೂಮು ಹಿಡಿದು ಮನೆಗೆ ಫೋನ್ ಮಾಡಿ. ಮರುದಿನ ಮನೆಗೆ ಬಂದ ಮೇಲೆ ಗಾಡಿಯ ತಳವನ್ನು ಪ್ರೆಶರ್ ನೀರಿನಲ್ಲಿ ತೊಳೆಸಿ. ಉಪ್ಪು ಸೇರಿದ ಮರಳು ಬಾಗಿಲಿನ ಕೆಳ ಅಂಚಿನಲ್ಲೂ ಚಕ್ರದ ಒಳಗೂ ಕೂತಿರುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲೇ.