ಟೋಕಿಯೊ ನಿಲ್ದಾಣದಲ್ಲಿ ದಾರಿ ತಪ್ಪದೆ ಬುಲೆಟ್ ರೈಲು ಹತ್ತುವುದು ಹೇಗೆ?

ಟೋಕಿಯೊ ನಿಲ್ದಾಣದಲ್ಲಿ ರೈಲು ತಪ್ಪಿಸಿಕೊಳ್ಳಲು ತಡವಾಗಿ ಬರಲೇಬೇಕೆಂದಿಲ್ಲ. ಮೊದಲೇ ಬಂದು ತಪ್ಪು ಗೇಟಿನ ಮುಂದೆ ನಿಂತರೂ ಸಾಕು. ಈ ನಿಲ್ದಾಣವನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ, ಬೇಕಾದಾಗಲೆಲ್ಲ ಒಂದೊಂದು ಬದಿಗೆ ಸೇರಿಸುತ್ತ ಹೋಗಿದ್ದು. ಪಶ್ಚಿಮಕ್ಕೆ, ಚಕ್ರವರ್ತಿಯ ಅರಮನೆಯ ಕಡೆ ಮುಖ ಮಾಡಿರುವ ಮರುನೌಚಿ ಬದಿಯ ಕೆಂಪು ಇಟ್ಟಿಗೆ ಕಟ್ಟಡ 1914ರದು. ವಾಸ್ತುಶಿಲ್ಪಿ ತತ್ಸುನೊ ಕಿಂಗೊ. 1945ರ ಬಾಂಬ್ ದಾಳಿಯಲ್ಲಿ ಗುಮ್ಮಟಗಳೂ ಮೇಲಂತಸ್ತೂ ಹೋದವು. ಯುದ್ಧ ಮುಗಿದ ಮೇಲೆ ಅವಸರದಲ್ಲಿ ಹಾಕಿದ ಮಾಡೇ ದಶಕಗಟ್ಟಲೆ ಉಳಿದು, 2012ರಲ್ಲಿ ಕಟ್ಟಡ ಮೂಲ ರೂಪಕ್ಕೆ ಮರಳಿತು. ಫೋಟೊ ತೆಗೆಯಲು ಆ ಬದಿಗೆ ಹೋಗಿ. ಬುಲೆಟ್ ರೈಲು, ಅಂದರೆ ಶಿಂಕಾನ್‌ಸೆನ್, ಹತ್ತುವವರಿಗೆ ಹತ್ತಿರವಾಗುವುದು ಪೂರ್ವದ ಯಾಯೆಸು ಬದಿ. 1964ರ ಅಕ್ಟೋಬರ್ 1ರಂದು, ಒಲಿಂಪಿಕ್ಸ್ ಉದ್ಘಾಟನೆಗೆ ಒಂಬತ್ತು ದಿನ ಮೊದಲು, ಒಸಾಕಾ ಕಡೆಯ ಮೊದಲ ರೈಲು ಹೊರಟಿದ್ದು ಈ ನಿಲ್ದಾಣದಿಂದಲೇ.

ಫಲಕದ ಬಣ್ಣ ನೋಡಿ. ನಗೋಯಾ, ಕ್ಯೋಟೊ, ಒಸಾಕಾ, ಹಿರೋಶಿಮಾಗೆ ನೀಲಿ ಫಲಕ, 14ರಿಂದ 19ನೇ ಪ್ಲಾಟ್‌ಫಾರಂ. ಸೆಂದಾಯ್, ನಗಾನೊ, ಕನಜಾವಾಗೆ ಹಸಿರು ಫಲಕ, 20ರಿಂದ 23. ಎರಡಕ್ಕೂ ಗೇಟು ಬೇರೆ, ಕಂಪನಿಯೂ ಬೇರೆ: ಸರ್ಕಾರಿ ರೈಲ್ವೆಯನ್ನು 1987ರಲ್ಲಿ ಒಡೆದಾಗ ನೀಲಿ ಮಾರ್ಗ ಜೆಆರ್ (ಜಪಾನ್ ರೈಲ್ವೇಸ್) ಸೆಂಟ್ರಲ್‌ಗೆ ಹೋಯಿತು, ಹಸಿರು ಜೆಆರ್ ಈಸ್ಟ್‌ಗೆ. ಹಸಿರು ಮಾರ್ಗ ಇಲ್ಲಿಯವರೆಗೆ ಬಂದದ್ದೇ 1991ರಲ್ಲಿ. 19 ಮತ್ತು 20 ಅಕ್ಕಪಕ್ಕದಲ್ಲೇ ಇದ್ದರೂ ಹಳಿಗಳು ಕೂಡುವುದಿಲ್ಲ.

ಎರಡು ಟಿಕೆಟ್. ಕಾಗದದ ಟಿಕೆಟ್ ಕೊಂಡರೆ ಸಾಮಾನ್ಯವಾಗಿ ಎರಡು ಚೀಟಿ ಕೈಗೆ ಬರುತ್ತವೆ: ದೂರಕ್ಕೆ ತಕ್ಕ ಮೂಲ ದರದ್ದೊಂದು, ವೇಗದ ರೈಲಿನ ಹೆಚ್ಚುವರಿ ದರದ್ದೊಂದು. ಶಿಂಕಾನ್‌ಸೆನ್ ಗೇಟಿನಲ್ಲಿ ಎರಡನ್ನೂ ಒಟ್ಟಿಗೆ ತೂರಿಸಬೇಕು. ಒಂದನ್ನೇ ಹಾಕಿದರೆ ಗೇಟು ಮುಚ್ಚಿಕೊಳ್ಳುತ್ತದೆ. ಆಚೆ ತುದಿಯಲ್ಲಿ ಹೊರಬರುವ ಚೀಟಿಗಳನ್ನು ಮರೆಯದೆ ತೆಗೆದುಕೊಳ್ಳಿ, ಇಳಿದ ಮೇಲೆ ಮತ್ತೆ ಬೇಕು.

ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇದಕ್ಕೂ ಮೊದಲೇ. ಒಸಾಕಾದಂಥ ದೂರದ ಊರಿನ ಮೂಲ ಟಿಕೆಟ್ ಮೇಲೆ ‘ಟೋಕಿಯೊ ನಗರ ವಲಯ’ ಎಂಬರ್ಥದ ಜಪಾನಿ ಬರಹ ಇರುತ್ತದೆ. ಅಂದರೆ ನಗರದ 23 ವಾರ್ಡುಗಳೊಳಗಿನ ಯಾವ ಜೆಆರ್ ನಿಲ್ದಾಣದಿಂದಲೂ ಅದೇ ಚೀಟಿಯಲ್ಲಿ ಹೊರಡಬಹುದು. ಶಿಂಜುಕುವಿನಲ್ಲಿ ಉಳಿದವರು ಅಲ್ಲಿಯ ಜೆಆರ್ ಗೇಟಿಗೇ ಅದನ್ನು ಹಾಕಬೇಕು. ಅಭ್ಯಾಸಬಲದಿಂದ ಸುಯಿಕಾ ಕಾರ್ಡ್ (ಮೊದಲೇ ಹಣ ತುಂಬಿಸಿಕೊಳ್ಳುವ ಪ್ರಯಾಣದ ಕಾರ್ಡ್) ತಾಗಿಸಿದರೆ ಲೋಕಲ್ ರೈಲಿನ ದರ ಸುಮ್ಮನೆ ಹೋಗುತ್ತದೆ. ಆ್ಯಪ್‌ನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಈ ಸೌಲಭ್ಯವಿಲ್ಲ. ಅವರ ಟಿಕೆಟ್ ಶಿಂಕಾನ್‌ಸೆನ್ ಗೇಟಿನಿಂದ ಗೇಟಿಗಷ್ಟೇ.

ಯಾವ ರೈಲು? ನೀಲಿ ಮಾರ್ಗದಲ್ಲಿ ಎಲ್ಲಕ್ಕಿಂತ ವೇಗದ ರೈಲು ನೊಜೊಮಿ; ಒಸಾಕಾದ ಶಿಂಕಾನ್‌ಸೆನ್ ನಿಲ್ದಾಣವಾದ ಶಿನ್-ಒಸಾಕಾಗೆ ಅದರಲ್ಲಿ ಸುಮಾರು ಎರಡೂವರೆ ಗಂಟೆ. ಎಲ್ಲ ಕಡೆ ನಿಲ್ಲುವ ಕೊದಾಮಾಗೆ ಸುಮಾರು ನಾಲ್ಕು ಗಂಟೆ ಬೇಕು. ಹೊಸ ವರ್ಷ, ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ, ಆಗಸ್ಟಿನ ಓಬೊನ್ ಹಬ್ಬದ ಸಮಯದಲ್ಲಿ ನೊಜೊಮಿಯ ಎಲ್ಲ ಬೋಗಿಗಳೂ ಕಾಯ್ದಿರಿಸಿದವರಿಗೇ ಮೀಸಲು. ವಿದೇಶಿ ಪ್ರವಾಸಿಗರಿಗೆ ಕೊಡುವ ಜಪಾನ್ ರೈಲ್ ಪಾಸ್ ಇದ್ದವರೂ ನೊಜೊಮಿಗೆ ಹೆಚ್ಚುವರಿ ಹಣ ಕಟ್ಟಬೇಕು.

ಲಗೇಜ್. ಉದ್ದ, ಅಗಲ, ಎತ್ತರ ಕೂಡಿಸಿ. 160 ಸೆಂ.ಮೀ. ಮೀರಿ 250ರೊಳಗಿದ್ದರೆ, ನೀಲಿ ಮಾರ್ಗದಲ್ಲಿ ಬೋಗಿಯ ಕೊನೆಯ ಸಾಲಿನ ‘ದೊಡ್ಡ ಲಗೇಜ್’ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚು ಹಣವಿಲ್ಲ. ಕಾಯ್ದಿರಿಸದೆ ತಂದರೆ 1000 ಯೆನ್. ವಿಮಾನದ ಸಾಮಾನ್ಯ ಮಿತಿಯಾದ 158 ಸೆಂ.ಮೀ.ಗೆ ಹೊಂದುವ ಸೂಟ್‌ಕೇಸಿಗೆ ಈ ತಾಪತ್ರಯವಿಲ್ಲ.

ಊಟ. ಟೋಕಿಯೊ–ಒಸಾಕಾ ರೈಲಿನಲ್ಲಿ ತಿಂಡಿಯ ತಳ್ಳುಗಾಡಿ 2023ರಲ್ಲೇ ನಿಂತಿದೆ. ಬೆಂತೊ ಬುತ್ತಿಯನ್ನು ನಿಲ್ದಾಣದಲ್ಲೇ ಕೊಳ್ಳಿ. ಸಸ್ಯಾಹಾರಿಗಳು ಹುಷಾರು: ಬುತ್ತಿಯಲ್ಲಿ ಬರೀ ತರಕಾರಿ ಕಂಡರೂ ಅದು ಬೆಂದಿರುವುದು ಹೆಚ್ಚಾಗಿ ಮೀನಿನ ಸಾರದಲ್ಲಿ.

ಪ್ಲಾಟ್‌ಫಾರಂ. ನೀಲಿ ಮಾರ್ಗದ ರೈಲಿಗೆ 16 ಬೋಗಿ, ಸುಮಾರು 400 ಮೀಟರ್ ಉದ್ದ. ಟಿಕೆಟ್ ಮೇಲಿನ ಬೋಗಿ ಸಂಖ್ಯೆ ನೆಲದ ಮೇಲೂ ಬರೆದಿರುತ್ತದೆ, ಅಲ್ಲೇ ಸಾಲಿನಲ್ಲಿ ನಿಲ್ಲಿ. ಬಾಗಿಲು ತೆರೆದ ಕೂಡಲೇ ನುಗ್ಗಬೇಡಿ, ಒಳಗೆ ಶುಚಿ ಮಾಡುತ್ತಿರುತ್ತಾರೆ. ಫ್ಯೂಜಿ ಪರ್ವತ ನೋಡಬೇಕೆಂದರೆ ಬುಕ್ ಮಾಡುವಾಗಲೇ ‘ಇ’ ಸೀಟು ಕೇಳಿ. ಮೋಡವಿಲ್ಲದಿದ್ದರೆ ಹೊರಟ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬಲಗಡೆ ಕಾಣುತ್ತದೆ.