28 ರಾಜ್ಯ ನೆನಪಿರ್ಬೇಕಂದ್ರ ಪಟ್ಟಿ ಬಿಡ್ರಿ, ಬಾಜೂ ರಾಜ್ಯ ಹಿಡೀರಿ

ರಾಯಚೂರಿನಾಗ ನಮ್ಮ ಮನಿಗೆ ಸಂಜೆ ಓದ್ಲಿಕ್ಕೆ ಬರೋ ಹುಡುಗ್ರಿಗೆ ರಾಜ್ಯಗಳ ಹೆಸ್ರು ಹೇಳ್ರಿ ಅಂದ್ರ ಆಂಧ್ರ, ಅರುಣಾಚಲ, ಅಸ್ಸಾಂ ಅಂತ ಒಂದೇ ಉಸುರಿಗೆ ಶುರು ಮಾಡ್ತಾರ, ಇಪ್ಪತ್ತರ ಹತ್ರ ಬಂದು ನಿಂತ್ಬಿಡ್ತಾರ, ಆಮ್ಯಾಲೆ ಮತ್ತ ಮೊದ್ಲಿಂದ. ಖಾಲಿ ನಕಾಶೆ ಕೊಟ್ರಂತೂ ಜಾರ್ಖಂಡ್ ಯಾವ್ದು ಛತ್ತೀಸ್‌ಗಢ ಯಾವ್ದು ಗೊತ್ತೇ ಆಗಲ್ಲ. ವಾಟ್ಸಾಪ್‌ನಾಗ ಓಡಾಡೋ ಶಾರ್ಟ್‌ಕಟ್ ವಾಕ್ಯನೂ ಅಷ್ಟೇ, ಹೆಸ್ರು ಬರ್ತದ, ಜಾಗ ಬರಲ್ಲ.

ನಕಾಶೆ ತಗೊಳ್ಳೋ ಮುಂದ ಲಡಾಖ್ ಬ್ಯಾರೆ ಬಣ್ಣದಾಗ ಅದ ಏನು ನೋಡ್ರಿ. ಇಲ್ಲಂದ್ರ ಅದು ಲಡಾಖ್ ಬ್ಯಾರೆ ಆದ 2019ರ ಅಕ್ಟೋಬರ್ 31ಕ್ಕಿಂತ ಹಿಂದಿನ ಚಾರ್ಟ್, ಪುಗಸಟ್ಟೆ ಕೊಟ್ರೂ ಬ್ಯಾಡ.

ಮೊದ್ಲು ಸಮುದ್ರದ ದಂಡಿ: ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ಒಡಿಶಾ, ಪಶ್ಚಿಮ ಬಂಗಾಳ. ಒಂಬತ್ತು ಆತು.

ಆಮ್ಯಾಲೆ ರೈಲು. ನಮ್ಮ ಸ್ಟೇಷನ್‌ನಾಗ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೊಂಟೀವಿ ಅನ್ಕೊಳ್ರಿ. ಕೃಷ್ಣಾ ನದಿ ದಾಟಿದ ಕೂಡ್ಲೇ ತೆಲಂಗಾಣದ ಒಂದು ತುಣುಕು, ಮುಂದ ಸೊಲ್ಲಾಪುರ ಮಹಾರಾಷ್ಟ್ರ, ಭೋಪಾಲ್ ಮಧ್ಯಪ್ರದೇಶ, ಝಾನ್ಸಿ ಉತ್ತರಪ್ರದೇಶ, ಗ್ವಾಲಿಯರ್ ಮತ್ತ ಮಧ್ಯಪ್ರದೇಶ, ಧೋಲ್‌ಪುರ ರಾಜಸ್ಥಾನ, ಆಗ್ರಾ ಮತ್ತ ಉತ್ತರಪ್ರದೇಶ, ಫರೀದಾಬಾದ್ ಹರಿಯಾಣ. ಹೊಸವು ಐದು ಸಿಕ್ವು, ಹದಿನಾಲ್ಕು.

ಈಗ ಎಲ್ಲಾರೂ ತಪ್ಪೋ ಜಾಗ, ಈಶಾನ್ಯ. ಇದಕ್ಕ ಒಂದು ಪೂರಾ ಸಂಜೆ ಇಡ್ರಿ, ಅವಸರ ಮಾಡ್ಬ್ಯಾಡ್ರಿ. ಅಂಗಳದ ಹಾಸುಗಲ್ಲಿನ ಮ್ಯಾಲೆ ಚಾಕ್‌ಪೀಸಿಂದ ನಡುವ ಅಸ್ಸಾಂ ಬರೀರಿ. ಅದರ ತಲಿ ಮ್ಯಾಲೆ ಅರುಣಾಚಲ. ಅಲ್ಲಿಂದ ಗಡಿಯಾರದ ಮುಳ್ಳು ತಿರಗಿದಂಗ ಬಲಕ್ಕ ಇಳೀರಿ: ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ, ತ್ರಿಪುರಾ, ಮೇಘಾಲಯ. ಹುಡುಗ್ರು ಅದಲು ಬದಲು ಮಾಡೋದು ಈ ಮೂರು 'ಮ'ಕಾರನ. ಅದಕ್ಕ ನಾನು ಕಾಗುಣಿತ ಹೇಳಸ್ತೀನಿ. ಮ ಮಾ ಮಿ ಮೀ ಅನ್ಕೋತ ಹೋದ್ರ ಮೊದ್ಲು 'ಮ' ಮಣಿಪುರ, ಅದರ ಕೆಳಗ 'ಮಿ' ಮಿಜೋರಾಂ, ತಡದು ಬರೋ 'ಮೇ' ಮೇಘಾಲಯ. ಅಂದ್ರ ಕಾಗುಣಿತನೂ ಮುಳ್ಳು ತಿರಗಿದ ದಿಕ್ಕಿಗೇ ಹೋಗ್ತದ, ಮಿ ಮತ್ತ ಮೇ ನಡುವ ತ್ರಿಪುರಾ ಕುಂತದ, ಮೂರೂ ಕಡಿ ಬಾಂಗ್ಲಾದೇಶ ಸುತ್ಕೊಂಡು. ಅಸ್ಸಾಂಗೆ ಈ ಆರು ಬಾಜೂ ರಾಜ್ಯದ ಜೊತಿ ಏಳನೇದು ಪಶ್ಚಿಮ ಬಂಗಾಳ. ಸಿಕ್ಕಿಂ ಅಸ್ಸಾಂಗೆ ಹತ್ತಲ್ಲ, ಬಂಗಾಳದ ತಲಿ ಮ್ಯಾಲೆ ಅದ, ಅಸ್ಸಾಂಗೆ ಅಂಟಿಸಿ ಬರದ್ರ ಪೂರಾ ಅಳಿಸಿ ಮತ್ತ ಬರೆಸ್ರಿ. ಬರೀ ನೋಡಿ ಕಲೀಲಿಕ್ಕೆ ಆಗಲ್ಲ, ಕೈಯಿಂದ ಐದು ಸಲನಾದ್ರೂ ಬರೀಲೇಬೇಕು.

ಸಿಕ್ಕಿಂ ಹಿಡದು ಈಶಾನ್ಯದ ಎಂಟು ಸೇರಿ ಇಪ್ಪತ್ತೆರಡು. ಉಳದಿದ್ದು ಆರು, ಅದ್ರಾಗ ಐದು ಉತ್ತರಪ್ರದೇಶಕ್ಕ ಹತ್ತಿದವು: ಮ್ಯಾಲಿಂದ ಬಲಕ್ಕ ತಿರಗಿ ಹಿಮಾಚಲ, ಉತ್ತರಾಖಂಡ, ಬಿಹಾರ, ಜಾರ್ಖಂಡ್, ಛತ್ತೀಸ್‌ಗಢ. ಪಂಜಾಬ್ ಒಂದು ಹರಿಯಾಣದ ಬಾಜೂಕ್ಕ. ಉತ್ತರಾಖಂಡ, ಜಾರ್ಖಂಡ್, ಛತ್ತೀಸ್‌ಗಢ ಮೂರೂ 2000ದ ನವೆಂಬರ್‌ನಾಗ ಹುಟ್ಟಿದವು, ಉತ್ತರಪ್ರದೇಶ, ಬಿಹಾರ, ಮಧ್ಯಪ್ರದೇಶದಿಂದ ಒಡದು. ತಾಯಿ ಯಾರು ಅಂತ ಕೇಳಿದ್ರ ಮಗು ಎಲ್ಲದ ಅನ್ನೋದು ಹುಡುಗ್ರು ತಾವೇ ತೋರಸ್ತಾರ.

ಕೇಂದ್ರಾಡಳಿತ ಪ್ರದೇಶ ಅವತ್ತೇ ತುರುಕಬ್ಯಾಡ್ರಿ, ಮರುದಿನ ಸಾಕು. ಅವು ಎಂಟು. ಹಳೇ ನೋಟ್ಸ್‌ನಾಗ ಏಳು ಅಥ್ವಾ ಒಂಬತ್ತು ಅಂತ ಇದ್ರ ಹೊಡದು ಹಾಕ್ರಿ, ದಾದ್ರಾ ನಗರ್ ಹವೇಲಿ, ದಮನ್ ದಿಯು 2020ರ ಜನವರಿ 26ಕ್ಕ ಒಂದಾಗ್ಯಾವ.