ಮಲೆನಾಡಿನ ಕಾರಿಗೆ ಸಿಂಥೆಟಿಕ್ ಆಯಿಲ್ ಯಾವಾಗ ಬದಲಿಸಬೇಕು? ಗಂಟೆ ಲೆಕ್ಕ ಹಾಕಿ

ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕೆಲವು ಕಂಪನಿಗಳ ಕಾರಿಗೆ 15,000. ಅದೇ ಕೈಪಿಡಿಯಲ್ಲಿ ಇನ್ನೊಂದು ಪಟ್ಟಿಯೂ ಇರುತ್ತದೆ, ಓದುವವರು ಕಡಿಮೆ. ಅದು 'ಕಠಿಣ ಬಳಕೆ'ಯ ಪಟ್ಟಿ. ಹತ್ತಿರ ಹತ್ತಿರದ ಓಡಾಟ, ಧೂಳಿನ ರಸ್ತೆ, ಗುಡ್ಡದ ಏರು, ನಿಂತಲ್ಲೇ ಎಂಜಿನ್ ಆನ್ ಇಡುವುದು ಎಲ್ಲವೂ ಅದರಲ್ಲಿ ಬರುತ್ತವೆ. ಹಾಗೆ ಓಡುವ ಗಾಡಿಗೆ ಆಯಿಲ್ ಅವಧಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯ ಬಹಳಷ್ಟು ಕಾರುಗಳು ಸೇರುವುದು ಈ ಎರಡನೇ ಪಟ್ಟಿಗೇ. ಸಿಂಥೆಟಿಕ್ (ಸಾಮಾನ್ಯ ಆಯಿಲ್‌ಗಿಂತ ಹೆಚ್ಚು ಬಾಳುವಂತೆ ತಯಾರಿಸಿದ ಆಯಿಲ್) ಹಾಕಿಸಿದ್ದೇವೆ, ಇನ್ನೇನು ಚಿಂತೆ ಎಂದು ಕೂತರೆ ಕಷ್ಟ.

ಎಂಜಿನ್ ಒಳಗಿರುವ ಆಯಿಲ್‌ಗೆ ಕಿಲೋಮೀಟರ್ ಗೊತ್ತಿಲ್ಲ. ಎಷ್ಟು ಗಂಟೆ ಕಾದೆ, ಎಷ್ಟು ಸಲ ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಆಯಿತು, ಎಷ್ಟು ಮಸಿ, ನೀರು, ಪೆಟ್ರೋಲು ನನ್ನೊಳಗೆ ಇಳಿಯಿತು ಎಂಬುದಷ್ಟೇ ಅದರ ಲೆಕ್ಕ. 10,000 ಕಿ.ಮೀ. ದೂರವನ್ನು ಸರಾಸರಿ 50 ಕಿ.ಮೀ. ವೇಗದಲ್ಲಿ ಓಡಿದರೆ ಎಂಜಿನ್ ದುಡಿದದ್ದು 200 ಗಂಟೆ. ಅದೇ ದೂರವನ್ನು ಹಾಸನದ ಪೇಟೆಯೊಳಗೆ ಸರಾಸರಿ 20ರಲ್ಲಿ ಮುಗಿಸಿದರೆ 500 ಗಂಟೆ. ಮೀಟರ್ ಮೇಲೆ ಕಾಣುವುದು ಒಂದೇ ಸಂಖ್ಯೆ, ಆಯಿಲ್ ಪಾಲಿಗೆ ಎರಡೂವರೆ ಪಟ್ಟು ದುಡಿಮೆ.

ಈ ಲೆಕ್ಕ ಹಾಕಲು ದೊಡ್ಡ ಸಲಕರಣೆ ಬೇಡ. ಆಯಿಲ್ ಬದಲಿಸಿದ ದಿನ ಟ್ರಿಪ್ ಬಿ ಮೀಟರನ್ನು (ಬೇಕೆಂದಾಗ ಸೊನ್ನೆಯಿಂದ ದೂರ ಎಣಿಸುವ ಎರಡನೇ ಮೀಟರು) ಸೊನ್ನೆ ಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. 1,000 ಕಿ.ಮೀ. ಆದ ಮೇಲೆ ಸರಾಸರಿ ವೇಗ ಎಷ್ಟು ತೋರಿಸುತ್ತದೆ ನೋಡಿ. ಮೀಟರ್ ಅದನ್ನು ತೋರಿಸದ ಕಾರಾದರೆ, ಒಂದು ವಾರ ಹೊರಟ ಹೊತ್ತು, ನಿಲ್ಲಿಸಿದ ಹೊತ್ತು ಬರೆದಿಟ್ಟುಕೊಂಡರೆ ಸಾಕು. ನಾವು ಹೇಳುವ ಒರಟು ಮಿತಿ 250 ಗಂಟೆ. ಸರಾಸರಿ ವೇಗವನ್ನು 250ರಿಂದ ಗುಣಿಸಿ: 20 ಬಂದರೆ 5,000 ಕಿ.ಮೀ., 30 ಬಂದರೆ 7,500, 40 ಬಂದರೆ 10,000. ಗುಣಿಸಿದಾಗ ಕೈಪಿಡಿಯ ಸಂಖ್ಯೆಗಿಂತ ಹೆಚ್ಚು ಬಂದರೆ ಕೈಪಿಡಿಯದ್ದೇ ಕೊನೆಯ ಮಾತು. ವಾರಂಟಿ ಇರುವ ತನಕ ಅದನ್ನು ದಾಟಲೇಬೇಡಿ, ಬಿಲ್ಲುಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಹಾಸನದಿಂದ ಬೆಂಗಳೂರಿಗೆ ಹೋಗಿ ಬರುವ ಪೆಟ್ರೋಲ್ ಕಾರಿಗೆ 10,000 ಕಿ.ಮೀ. ಧಾರಾಳ. ಮಕ್ಕಳನ್ನು ಶಾಲೆಗೆ ಬಿಟ್ಟು, ಸಂತೆಗೆ ಹೋಗಿ, ದಿನಕ್ಕೆ ನಾಲ್ಕು ಸಲ ಎರಡೆರಡು ಕಿಲೋಮೀಟರ್ ಓಡುವ ಕಾರಿಗೆ 5,000 ಕಿ.ಮೀ. ಅಥವಾ ಆರು ತಿಂಗಳು. ಮನೆಯಲ್ಲಿ ಕವರ್ ಹೊದ್ದು ನಿಂತು, ಹಬ್ಬಕ್ಕೆ ಮಾತ್ರ ಹೊರಬರುವ ಕಾರು 2,000 ಓಡಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಚಾರ್ಮಾಡಿ, ಶಿರಾಡಿ ಘಾಟಿಯನ್ನು ವಾರದಲ್ಲಿ ಮೂರ್ನಾಲ್ಕು ಸಲ ತುಂಬಿದ ಗಾಡಿಯಲ್ಲಿ ಹತ್ತುವವರು, ಪ್ರವಾಸಿಗರನ್ನು ಮುಳ್ಳಯ್ಯನಗಿರಿಗೆ ಕರೆದೊಯ್ಯುವ ಟ್ಯಾಕ್ಸಿಯವರು 7,000ಕ್ಕಿಂತ ಮೇಲೆ ಹೋಗಬೇಡಿ. ಎರಡನೇ ಗೇರಿನಲ್ಲಿ ಭಾರ ಎಳೆಯುವಾಗ ಆಯಿಲ್ ಕಾಯುತ್ತದೆ, ಕಾದಷ್ಟೂ ಬೇಗ ಆಕ್ಸಿಡೀಕರಣಗೊಂಡು ದಪ್ಪವಾಗುತ್ತದೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ ಇದ್ದರೆ ಇನ್ನೂ ಎಚ್ಚರ ಬೇಕು. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ, ತುಂಬಾ ಬಿಸಿಯಾಗುವ ಟರ್ಬೊದ ಬೇರಿಂಗ್‌ಗೆ ಹೋಗುವುದೂ ಇದೇ ಆಯಿಲ್.

ಹತ್ತಿರದ ಓಡಾಟ ಯಾಕೆ ಇಷ್ಟು ಕೆಟ್ಟದ್ದು? ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಬಿಸಿಯನ್ನು. ಅದು ಐದಾರು ನಿಮಿಷಕ್ಕೆ ಮಧ್ಯಕ್ಕೆ ಬರುತ್ತದೆ, ಆಯಿಲ್ ಪೂರ್ತಿ ಬಿಸಿಯಾಗಲು 15ರಿಂದ 20 ನಿಮಿಷ ಬೇಕು. ಅಷ್ಟರಲ್ಲಿ ನೀವು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಆಗಿರುತ್ತದೆ. ಉರಿದ ಇಂಧನದಿಂದ ಹುಟ್ಟಿದ ನೀರಿನ ಆವಿ ಹೊರಗೆ ಹೋಗದೆ ತಣ್ಣನೆಯ ಲೋಹಕ್ಕೆ ತಗುಲಿ ಹನಿಯಾಗಿ ಆಯಿಲ್‌ಗೆ ಇಳಿಯುತ್ತದೆ. ಪೂರ್ತಿ ಉರಿಯದ ಪೆಟ್ರೋಲೂ ಪಿಸ್ಟನ್ ರಿಂಗ್ ಪಕ್ಕದಿಂದ ಜಾರಿ ಕೆಳಗೆ ಸೇರಿ ಆಯಿಲನ್ನು ತೆಳ್ಳಗೆ ಮಾಡುತ್ತದೆ.

ಜುಲೈ ಜಡಿಮಳೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಮೈ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೇಪ ಅಂಟಿದ್ದರೆ ಅದು ನೀರು ಬೆರೆತ ಆಯಿಲ್. ಮುಚ್ಚಳದಲ್ಲಿ ಮಾತ್ರ ಇದ್ದು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಆಯಿಲ್ ಶುದ್ಧವಾಗಿದ್ದು, ಕೂಲಂಟ್ ಕಡಿಮೆಯಾಗದಿದ್ದರೆ ಗಾಬರಿ ಬೇಡ. ಬಟ್ಟೆಯಲ್ಲಿ ಒರೆಸಿ, ಬೇಲೂರು ರಸ್ತೆಯಲ್ಲೋ ಕಡೂರು ರಸ್ತೆಯಲ್ಲೋ ನಿಲ್ಲಿಸದೆ 40 ನಿಮಿಷ ಓಡಿಸಿ, ಆರಿ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಕಂಡು ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಕೆಳಗಿನ ಸೀಲ್) ಹೋಗಿರುವ ಅನುಮಾನ. ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.

ತೋಟದ ಡೀಸೆಲ್ ಗಾಡಿಗಳದ್ದು ಬೇರೆಯೇ ಕಥೆ, ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಿತಿ) ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚು ಡೀಸೆಲ್ ಹಾಯಿಸಿ ಆ ಮಸಿಯನ್ನು ಸುಡುತ್ತದೆ. ಈ ಸುಡುವ ಕೆಲಸಕ್ಕೆ ಒಂದೇ ವೇಗದಲ್ಲಿ 15ರಿಂದ 20 ನಿಮಿಷದ ಓಟ ಬೇಕು. ತೋಟದಿಂದ ಮೂಡಿಗೆರೆ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡುವ ಗಾಡಿಗೆ ಅಷ್ಟು ಓಟ ಸಿಗುವುದಿಲ್ಲ. ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಎಂಜಿನ್ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಫಲ ಏನೆಂದರೆ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತದೆ. 'ನಮ್ಮ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ' ಎಂಬ ಸಂತೋಷದ ಹಿಂದೆ ಎಷ್ಟೋ ಸಲ ಈ ಡೀಸೆಲ್ ಇರುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ, ಡಿಪ್‌ಸ್ಟಿಕ್ ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಓಡಿದ್ದು 3,000 ಆಗಿದ್ದರೂ ಅಂದೇ ಬದಲಿಸಿ. ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಐಡ್ಲಿಂಗ್ ಎಂದಿಗಿಂತ ಮೇಲಿದ್ದರೆ ಸುಡುವ ಕೆಲಸ ನಡೆಯುತ್ತಿದೆ ಎಂದೇ ತಿಳಿಯಿರಿ, ಆಫ್ ಮಾಡದೆ ಇನ್ನೊಂದು ಸುತ್ತು ಓಡಿಸಿ ಬನ್ನಿ. ವಾರಕ್ಕೊಮ್ಮೆ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಂಥ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಡಿಪಿಎಫ್‌ಗೂ ಒಳ್ಳೆಯದು, ಆಯಿಲ್‌ಗೂ ಒಳ್ಳೆಯದು.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಣ್ಣಿನ ರಸ್ತೆಯ ಕೆಂಪು ಧೂಳು ಏರ್ ಫಿಲ್ಟರಿಗೆ ತುಂಬುತ್ತದೆ. ಫಿಲ್ಟರಿನ ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಧೂಳು ಒಳಗೆ ನುಗ್ಗಿ ಆಯಿಲ್‌ನಲ್ಲಿ ಸಾಣೆಪುಡಿಯಂತೆ ಕೆಲಸ ಮಾಡುತ್ತದೆ. ಎಷ್ಟೇ ದುಬಾರಿ ಆಯಿಲ್ ಆದರೂ ಅದನ್ನು ತಡೆಯಲಾರದು. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ನೋಡಿ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಎಂಜಿನ್ನಿನ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿಗೇ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಅದಕ್ಕಿಂತ ಹೆಚ್ಚು ಹೇಳುವುದು ಕಾಗದದ ಪರೀಕ್ಷೆ. ಕಾಫಿ ಸೋಸುವ ಬಿಳಿ ಫಿಲ್ಟರ್ ಕಾಗದವನ್ನು ಲೋಟದ ಬಾಯಿ ಮೇಲೆ ಬಿಗಿಯಾಗಿ ಇಡಿ, ನಡುವಿನ ಭಾಗ ಏನಕ್ಕೂ ತಾಗಬಾರದು. ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ ಒಂದೇ ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನಡುವಿನ ಕಪ್ಪು ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿ ಅಂಚಿನವರೆಗೂ ಹರಡಿದ್ದರೆ ಆಯಿಲ್‌ನಲ್ಲಿ ಇನ್ನೂ ಕಸುವಿದೆ. ಕಪ್ಪು ಬೊಟ್ಟು ನಡುವೆ ಗಟ್ಟಿ ಗೆರೆ ಎಳೆದಂತೆ ನಿಂತು, ಸುತ್ತ ಬರೀ ಎಣ್ಣೆ ಹರಿದಿದ್ದರೆ ಮಸಿ ಹಿಡಿಯುವ ಶಕ್ತಿ ಮುಗಿದಿದೆ. ತೀರಾ ಹೊರಗೆ ತಿಳಿಯಾದ ಉಂಗುರ ಕಂಡರೆ ಇಂಧನ ಬೆರೆತಿದೆ, ಅಂಚು ಗರಗಸದ ಹಲ್ಲಿನಂತಿದ್ದರೆ ನೀರು. ಇದು ಲ್ಯಾಬ್ ವರದಿಗೆ ಸಮವಲ್ಲ, ಆದರೆ ಸರ್ವಿಸಿಗೆ ಮುಂಚೆಯೇ ಎಚ್ಚರಿಸುತ್ತದೆ.

ಯಾವ ಗ್ರೇಡ್, ಅಂದರೆ ಎಷ್ಟು ದಪ್ಪದ ಆಯಿಲ್, ಎಂಬುದಕ್ಕೆ ಕೈಪಿಡಿಯೇ ಉತ್ತರ. 0ಡಬ್ಲ್ಯೂ-20 ಎಂದಿದ್ದರೆ ಘಾಟಿಗೆ ಬೇಕೆಂದು 20ಡಬ್ಲ್ಯೂ-50 ಸುರಿಯಬೇಡಿ, ಚಳಿಯ ಬೆಳಗಿನಲ್ಲಿ ಅದು ಮೇಲೆ ತಲುಪಲು ತಡವಾಗುತ್ತದೆ. ಡಬ್ಬಿಯ ಮೇಲಿನ ಗುಣಮಟ್ಟದ ಗುರುತನ್ನೂ ನೋಡಿ: ಟರ್ಬೊ ಪೆಟ್ರೋಲಿಗೆ ಎಪಿಐ ಎಸ್‌ಪಿ, ಡಿಪಿಎಫ್ ಇರುವ ಡೀಸೆಲ್‌ಗೆ ಕೈಪಿಡಿ ಹೇಳಿದ ಎಸಿಇಎ ಸಿ ವರ್ಗದ ಕಡಿಮೆ ಬೂದಿಯ ಆಯಿಲ್ ಕೇಳಿ ತನ್ನಿ. ಡಬ್ಬಿಯ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ.

ಬದಲಿಸುವಾಗ ಎಂಜಿನ್ ಐದು ನಿಮಿಷ ಓಡಿ ಬೆಚ್ಚಗಿರಲಿ, ಗಾಡಿ ಸಮತಟ್ಟು ನೆಲದಲ್ಲಿರಲಿ. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಡ್ರೈನ್ ಬೋಲ್ಟ್ ಬಿಚ್ಚಿ 15 ನಿಮಿಷ ಇಳಿಯಲು ಬಿಡಿ. ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದು ಹಾಕಿ. ಸ್ಪ್ಯಾನರಿಗೆ ಪೈಪ್ ಸೇರಿಸಿ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗಿ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದಿಲ್ಲ ತಾನೇ ಎಂದು ಬೆರಳಾಡಿಸಿ ನೋಡಿ. ಉಳಿದಿದ್ದರೆ ಎರಡು ರಿಂಗ್ ಒಂದರ ಮೇಲೊಂದು ಕೂತು, ಒತ್ತಡ ಬಂದಾಗ ಆಯಿಲ್ ಪೂರ್ತಿ ರಸ್ತೆಗೆ ಚೆಲ್ಲುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಸ್ವಲ್ಪ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ಬಿಗಿ ಮಾಡಿ. ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸುರಿಯಿರಿ. ಇಳಿದ ಹಳೆ ಆಯಿಲ್ ಎಷ್ಟಿತ್ತೆಂದು ಅಳೆದು ಬರೆದಿಡಿ, ಎಂಜಿನ್ ಎಷ್ಟು ಕುಡಿಯುತ್ತಿದೆ ಎಂಬುದು ಅದರಿಂದಲೇ ಗೊತ್ತಾಗುವುದು.

ಆ ಹಳೆ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವುದು, ಗೆದ್ದಲಿಗೆಂದು ತೋಟದಲ್ಲಿ ಸುರಿಯುವುದು ನಮ್ಮ ಕಡೆ ರೂಢಿ. ದಯವಿಟ್ಟು ಬಿಡಿ. ಮೊದಲ ಮಳೆಗೆ ಅದು ಹಳ್ಳ ಸೇರುತ್ತದೆ, ಹಳ್ಳ ಯಗಚಿಗೋ ಹೇಮಾವತಿಗೋ ಭದ್ರೆಗೋ ಸೇರುತ್ತದೆ. ಖಾಲಿಯಾದ ಆಯಿಲ್ ಕ್ಯಾನಿಗೇ ತುಂಬಿ ಮುಚ್ಚಳ ಬಿಗಿದು, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಟ್ಟು ಬನ್ನಿ.